ಅಂಗಡಿ ಮುಚ್ಚಿ ಗಿರಾಕಿ ಇಲ್ಲ ಎನ್ನುವವರು

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಸರ್, ನಿಮ್ಮ ಹಳೇ ಗೇಮಿನ ಕಾಲ ಮುಗೀತ್ರೀ. ಈಗಿನ ಕನ್ಸೋಲ್‌ದಾಗ ರೆಟ್ರೊ ಗೇಮ್ ಯಾರ್ ತಗೋತಾರ? ಸೇಲ್ಸ್ ಬಿದ್ದೈತಿ ನೋಡ್ರಿ" ಅಂದ. ಬೆಳಗಾವಿಯವನು, ಪುಣೆಗೆ ಬಂದು ಎರಡು ವರ್ಷವಾಗಿದೆ. ನನ್ನ ಮೇಜಿನ ಮೇಲೆ ಸಣ್ಣದೊಂದು ಮಾರಿಯೊ ಗೊಂಬೆ ಇರುವುದರಿಂದ ನನ್ನನ್ನು ಕೆಣಕುವುದು ಅವನಿಗೆ ಒಂದು ಹವ್ಯಾಸ. ಅವತ್ತು ನಕ್ಕು ಸುಮ್ಮನಾದೆ. ಆದರೆ ಈ ಮಾತನ್ನು ನಾನು ಬೇರೆ ಬೇರೆ ಬಾಯಿಂದ ಕೇಳುತ್ತಲೇ ಬಂದಿದ್ದೇನೆ: ಹಳೆಯ ಆಟಗಳನ್ನು ಕೊಳ್ಳುವವರಿಲ್ಲ, ನಲವತ್ತು ದಾಟಿದವರ ಹಳಹಳಿಕೆಯನ್ನು ನಂಬಿ ವ್ಯಾಪಾರ ಮಾಡಲಾಗದು, ಆದ್ದರಿಂದ ಕಂಪನಿಗಳು ಮಾರುವುದನ್ನು ಬಿಡುತ್ತಿವೆ.

ಈ ವಾದದಲ್ಲಿ 'ಆದ್ದರಿಂದ' ಎಂಬ ಪದ ತಲೆಕೆಳಗಾಗಿ ಕೂತಿದೆ. ಮಾರುವುದನ್ನು ಮೊದಲು ಬಿಟ್ಟರು, ಆಮೇಲೆ ಮಾರಾಟ ಇಳಿಯಿತು.

ನಿಂಟೆಂಡೊ ಕಂಪನಿಯನ್ನೇ ತೆಗೆದುಕೊಳ್ಳಿ. 2006ರಲ್ಲಿ ವೀ ಬಂದಾಗ ಅದರಲ್ಲಿ ವರ್ಚುವಲ್ ಕನ್ಸೋಲ್ ಎಂಬ ಅಂಗಡಿ ಇತ್ತು. 1980ರ ದಶಕದ ಎನ್‌ಇಎಸ್ ಆಟಕ್ಕೆ ಅಮೆರಿಕದಲ್ಲಿ 5 ಡಾಲರ್, ಸೂಪರ್ ನಿಂಟೆಂಡೊ ಆಟಕ್ಕೆ 8, ನಿಂಟೆಂಡೊ 64ರ ಆಟಕ್ಕೆ 10. ಒಂದು ಕಾಲದ ಎದುರಾಳಿ ಸೆಗಾದ ಆಟಗಳೂ ಅಲ್ಲೇ ಸಿಗುತ್ತಿದ್ದವು. ಹಣ ಕೊಟ್ಟರೆ ಆಟ ನಿಮ್ಮದು. ನಿಮ್ಮದು ಅಂದರೆ, ಆ ಒಂದು ಯಂತ್ರದ್ದು. ಖರೀದಿಯನ್ನು ಯಂತ್ರಕ್ಕೆ ಕಟ್ಟಿಹಾಕಿದ್ದರು. 2012ರಲ್ಲಿ ವೀ ಯು ಬಂತು. ಮೊದಲೇ ಕೊಂಡಿದ್ದ ಆಟವನ್ನು ಅದರ ಹೊಸ ಕಂಟ್ರೋಲರಿನಲ್ಲಿ ಆಡಬೇಕಾದರೆ ಒಂದೋ ಒಂದೂವರೆಯೋ ಡಾಲರ್ ಮತ್ತೆ ಕೊಡಬೇಕಾಗಿತ್ತು. ಕೈಯಲ್ಲಿ ಹಿಡಿಯುವ 3ಡಿಎಸ್‌ನಲ್ಲಿ ಬೇಕೆಂದರೆ ಪೂರ್ತಿ ಬೆಲೆ ಇನ್ನೊಮ್ಮೆ. ಒಂದೇ ಮಾರಿಯೊವನ್ನು ಒಬ್ಬನೇ ಗಿರಾಕಿಗೆ ಮೂರು ಸಲ ಮಾರಿದ ಮೇಲೆ ಅವನು ನಾಲ್ಕನೆಯ ಸಲ ಹಿಂದೆಮುಂದೆ ನೋಡಿದರೆ ಅದನ್ನು 'ಆಸಕ್ತಿ ಕುಸಿತ' ಎನ್ನಬೇಕೇ?

ನಾಲ್ಕನೆಯ ಸಲ ಮಾರಲೂ ಇಲ್ಲ ಬಿಡಿ. 2017ರಲ್ಲಿ ಸ್ವಿಚ್ ಬಂತು. ಅದರಲ್ಲಿ ವರ್ಚುವಲ್ ಕನ್ಸೋಲ್ ಇರಲೇ ಇಲ್ಲ. 2018ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 20 ಡಾಲರಿನ ಚಂದಾ ಶುರುವಾಯಿತು, ಅದರ ಜೊತೆಗೆ ಕೊಸರಿನಂತೆ ಒಂದಿಷ್ಟು ಎನ್‌ಇಎಸ್ ಆಟಗಳು. 2021ರ ಅಕ್ಟೋಬರಿನಲ್ಲಿ 50 ಡಾಲರಿನ ದೊಡ್ಡ ಚಂದಾ ಬಂತು, ನಿಂಟೆಂಡೊ 64 ಮತ್ತು ಸೆಗಾದ ಹಳೆಯ ಆಟಗಳು ಅದರೊಳಗೆ ಸೇರಿದವು. ಇತ್ತ ವೀ ಅಂಗಡಿಯನ್ನು 2019ರ ಜನವರಿ 30ಕ್ಕೆ ಮುಚ್ಚಿದರು. 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ ನಿಂತಿತು. ಸ್ವಿಚ್ ಮಾರಾಟವಾಗಿರುವುದು 15 ಕೋಟಿಗೂ ಹೆಚ್ಚು. ಅಷ್ಟು ಯಂತ್ರಗಳ ಪೈಕಿ ಒಂದರಲ್ಲೂ 1990ರ 'ಸೂಪರ್ ಮಾರಿಯೊ ವರ್ಲ್ಡ್' ಅನ್ನು ಬಿಡಿಯಾಗಿ ಕೊಂಡು ಇಟ್ಟುಕೊಳ್ಳಲು ಆಗುವುದಿಲ್ಲ. ಬಾಡಿಗೆಗೆ ಮಾತ್ರ. ಹೀಗಿರುವಾಗ ಅದರ 'ಸೇಲ್ಸ್' ಎಷ್ಟು ಎಂದು ಕೇಳಿದರೆ ಸೊನ್ನೆ ಎಂಬ ಉತ್ತರವೇ ಬರಬೇಕು.

ಈ ತಂತ್ರ ನನಗೆ ಇಷ್ಟು ಬೇಗ ಕಣ್ಣಿಗೆ ಬೀಳುವುದಕ್ಕೆ ಕಾರಣ, ಇದನ್ನು ನಾನೇ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ, ಈಗ ಬಿಟ್ಟಿರುವ ಒಂದು ಕಂಪನಿಯಲ್ಲಿ, ಗ್ರಾಹಕರ ಪೋರ್ಟಲೊಂದರ ಹೊಣೆ ನನ್ನ ಮೇಲಿತ್ತು. ಅದರಲ್ಲಿ ಹಳೆಯ ಮಾದರಿಯ ರಿಪೋರ್ಟ್ ಪುಟವೊಂದಿತ್ತು. ಅದನ್ನು ನೋಡಿಕೊಳ್ಳಲು ಇಬ್ಬರು ಎಂಜಿನಿಯರುಗಳು ಬೇಕು, ಮೇಲಿನವರಿಗೆ ಆ ಖರ್ಚು ಬೇಡ. ಮೊದಲ ರಿಲೀಸಿನಲ್ಲಿ ಅದರ ಬಟನ್ನನ್ನು ಮುಖಪುಟದಿಂದ ತೆಗೆದೆವು. ಎರಡನೆಯದರಲ್ಲಿ ಮೆನುವಿನ ಕೊನೆಯ 'ಇತರೆ'ಯೊಳಗೆ ತಳ್ಳಿದೆವು. ಮೂರನೆಯದರಲ್ಲಿ, ಬೇಕಾದವರು ಟಿಕೆಟ್ ಹಾಕಿ ಅನುಮತಿ ಪಡೆಯಬೇಕು ಎಂದು ಮಾಡಿದೆವು. ಆರು ತಿಂಗಳ ನಂತರ ಸ್ಲೈಡ್ ಮಾಡಿದವನು ನಾನು. ಗ್ರಾಫ್ ಚೆಂದವಾಗಿ ಎಡದಿಂದ ಬಲಕ್ಕೆ ಇಳಿದು ನೆಲ ಮುಟ್ಟಿತ್ತು. ಕೆಳಗೆ 'ಬಳಕೆದಾರರಿಗೆ ಆಸಕ್ತಿ ಇಲ್ಲ' ಎಂದು ಬರೆದೆ. ಸಭೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಪುಟ ತೆಗೆದ ಮೇಲೆ ಗ್ರಾಹಕ ಕಂಪನಿಯ ಅಕೌಂಟ್ಸ್ ವಿಭಾಗದ ಹೆಂಗಸೊಬ್ಬರು ಎರಡು ಸಾಲಿನ ಮೇಲ್ ಕಳಿಸಿದರು: ತಿಂಗಳ ಕೊನೆಗೆ ಬೇಕಾಗುತ್ತಿದ್ದ ಆ ಪುಟ ಎಲ್ಲಿ ಹೋಯಿತು? ಅವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆದ್ದರಿಂದ ಯಾರಾದರೂ ಇಳಿಯುವ ಗ್ರಾಫ್ ತೋರಿಸಿದರೆ ನಾನು ಗ್ರಾಫ್ ನೋಡುವುದಿಲ್ಲ, ಬಟನ್ ಎಲ್ಲಿಟ್ಟಿದ್ದೀರಿ ಎಂದು ಕೇಳುತ್ತೇನೆ.

ಗಿರಾಕಿಗಳು ನಿಜವಾಗಿ ಇಲ್ಲವೇ ಎಂಬುದಕ್ಕೆ ಬಹಿರಂಗವಾಗಿರುವ ಲೆಕ್ಕಗಳೇ ಸಾಕು. 2016ರ ನವೆಂಬರಿನಲ್ಲಿ ನಿಂಟೆಂಡೊ 30 ಹಳೆಯ ಆಟಗಳಿದ್ದ ಅಂಗೈಯಗಲದ ಎನ್‌ಇಎಸ್ ಕ್ಲಾಸಿಕ್ ಎಂಬ ಡಬ್ಬಿ ಬಿಟ್ಟಿತು. ಐದಾರು ತಿಂಗಳಲ್ಲಿ 23 ಲಕ್ಷ ಹೋದವು. ಜನ ಸಾಲಲ್ಲಿ ನಿಂತು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಾಗಲೇ, 2017ರ ಏಪ್ರಿಲ್‌ನಲ್ಲಿ, ಕಂಪನಿ ತಯಾರಿಕೆ ನಿಲ್ಲಿಸಿತು. 2018ರ ಜೂನ್‌ನಲ್ಲಿ ಮತ್ತೆ ಬಿಟ್ಟಾಗ, ಆ ತಿಂಗಳು ಅಮೆರಿಕದಲ್ಲಿ ಸಂಖ್ಯೆಯ ಲೆಕ್ಕದಲ್ಲಿ ಅತಿ ಹೆಚ್ಚು ಮಾರಾಟವಾದ ಗೇಮ್ ಯಂತ್ರ ಈ ಮೂವತ್ತು ವರ್ಷ ಹಳೆಯ ಯಂತ್ರದ ನಕಲೇ ಆಗಿತ್ತು. ಪ್ಲೇಸ್ಟೇಷನ್ 4 ಅದರ ಹಿಂದೆ.

ಇನ್ನೊಂದು. 1996, 2002 ಮತ್ತು 2007ರ ಮೂರು ಮಾರಿಯೊ ಆಟಗಳನ್ನು ಒಟ್ಟಿಗೆ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ 60 ಡಾಲರಿಗೆ ಬಿಟ್ಟರು. ಹೊಸ ಆಟದ ಬೆಲೆ, ಹೊಸ ಕೆಲಸ ಅಷ್ಟಕ್ಕಷ್ಟೆ. ಸುಮಾರು 90 ಲಕ್ಷ ಪ್ರತಿಗಳು ಹೋದವು. 2021ರ ಮಾರ್ಚ್ 31ಕ್ಕೆ ಕಪಾಟಿನಿಂದ ತೆಗೆದರು. ಮೊದಲೇ ಹೇಳಿದ್ದ ಗಡುವು ಅದು. ಡಿಜಿಟಲ್ ಪ್ರತಿಗೂ ಗಡುವು! ಗೋದಾಮು ಬೇಡ, ಲಾರಿ ಬೇಡ, ಸ್ಟಾಕ್ ಮುಗಿಯುವುದಿಲ್ಲ. ಆದರೂ ತೆಗೆದರು. ದರ್ಶಿನಿ ಹೋಟೆಲಿನವನು ಬೆಳಗ್ಗೆ ಹನ್ನೊಂದಕ್ಕೆ ಇಡ್ಲಿ ನಿಲ್ಲಿಸಿದರೆ ಅದಕ್ಕೆ ಹಿಟ್ಟಿನ ಕಾರಣವಾದರೂ ಇರುತ್ತದೆ.

ಸೋತ ಉದಾಹರಣೆಗಳೂ ಇವೆ, ಅವನ್ನೇ ಎಲ್ಲರೂ ಎತ್ತಿ ತೋರಿಸುವುದು. ಪ್ಲೇಸ್ಟೇಷನ್ ಕ್ಲಾಸಿಕ್ 2018ರ ಡಿಸೆಂಬರಿನಲ್ಲಿ 100 ಡಾಲರಿಗೆ ಬಂತು, ಆ ತಿಂಗಳು ಮುಗಿಯುವಷ್ಟರಲ್ಲಿ 60ಕ್ಕೆ ಇಳಿಯಿತು, ಆಮೇಲೆ ಇನ್ನೂ ಕೆಳಗೆ. 'ನೋಡಿ, ರೆಟ್ರೊ ಸತ್ತಿತು' ಎಂದರು. ಒಳಗೆ ಏನಿತ್ತು ಎಂದು ಯಾರು ನೋಡಿದರು? 20 ಆಟಗಳಲ್ಲಿ 9 ಆಟಗಳು ಯುರೋಪಿನ ಪಾಲ್ ಆವೃತ್ತಿಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕ, ಜಪಾನಿನ ಹಳೆಯ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿದ್ದವು. ಯುರೋಪಿನವು, ನಮ್ಮ ಮನೆಯ ಟಿವಿಗಳೂ, 50 ಸಲ. ಅವಸರದಲ್ಲಿ ಯುರೋಪಿಗೆ ಹೊಂದಿಸಿದ ಎಷ್ಟೋ ಆಟಗಳು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತಿದ್ದವು. ಎಚ್‌ಡಿ ಟಿವಿಗಳ ಕಾಲದಲ್ಲಿ, ಅಮೆರಿಕದ ಗಿರಾಕಿಗೆ, ಆ ಐವತ್ತರ ಆವೃತ್ತಿಯನ್ನೇ ಡಬ್ಬಿಗೆ ತುಂಬಿ ಕೊಟ್ಟರು. ಒಳಗೆ ಓಡುತ್ತಿದ್ದ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ಪಾತ್ರವನ್ನು ಹೊಸ ಯಂತ್ರದಲ್ಲಿ ನಟಿಸುವ ಸಾಫ್ಟ್‌ವೇರ್, ಅದೂ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಓಪನ್ ಸೋರ್ಸ್ ಪಿಸಿಎಸ್ಎಕ್ಸ್. ತಾನೇ ತಯಾರಿಸಿದ ಯಂತ್ರವನ್ನು ನಟಿಸಲು ಸೋನಿಗೆ ಹವ್ಯಾಸಿಗಳ ಕೋಡ್ ಬೇಕಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

2021ರ ನವೆಂಬರಿನ ಜಿಟಿಎ ಟ್ರಿಲಜಿಯದೂ ಇದೇ ಕತೆ. ಹೊಸ ಆವೃತ್ತಿ ಬರುವ ಮೊದಲೇ ಹಳೆಯ ಮೂರು ಆಟಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದರು. ಬಂದ ಹೊಸದರಲ್ಲಿ ದೋಷಗಳ ಮೆರವಣಿಗೆ. ಕೊನೆಗೆ ರಾಕ್‌ಸ್ಟಾರ್ ಕ್ಷಮೆ ಕೇಳಿ, ಪಿಸಿಯಲ್ಲಿ ಹಳೆಯವನ್ನು ವಾಪಸ್ ಇಡಬೇಕಾಯಿತು. ಸೆಗಾ 2022ರ ಮೇಯಲ್ಲಿ 'ಸೋನಿಕ್ ಒರಿಜಿನ್ಸ್' ಮಾರಲಿಕ್ಕೆಂದು ಹಳೆಯ ಸೋನಿಕ್‌ಗಳ ಬಿಡಿ ಮಾರಾಟ ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ 60ಕ್ಕೂ ಹೆಚ್ಚು ಹಳೆಯ ಆಟಗಳನ್ನು ಒಂದೇ ಏಟಿಗೆ ಅಂಗಡಿಗಳಿಂದ ಇಳಿಸಿತು. ಮುಂದಿನ ವರ್ಷದ ರೆಟ್ರೊ ಸೇಲ್ಸ್ ಲೆಕ್ಕ ಹಾಕುವವರು ಈ ದಿನಾಂಕವನ್ನು ಗ್ರಾಫಿನ ಮೇಲೆ ಬರೆಯುತ್ತಾರೆಯೇ? ನನ್ನ ಸ್ಲೈಡಿನಲ್ಲಿ ನಾನಂತೂ ಬರೆದಿರಲಿಲ್ಲ.

ಚಂದಾ ಇದೆಯಲ್ಲ, ಅಗ್ಗವಲ್ಲವೇ ಎಂದು ಕೇಳುತ್ತೀರಿ. ಅಗ್ಗವೇ. ತಿಂಗಳಿಗೆ ಎರಡು ಮಸಾಲೆ ದೋಸೆಯ ದುಡ್ಡಿನಲ್ಲಿ ನೂರಾರು ಆಟ. ನಾನೂ ಒಂದು ಚಂದಾ ಸೇವೆಗೆ ದುಡ್ಡು ಕಟ್ಟುತ್ತಿದ್ದೆ. ಹನ್ನೊಂದು ವರ್ಷದ ಮಗಳು ಅದರಲ್ಲಿದ್ದ ಹಳೆಯ ಆಟವೊಂದನ್ನು ಹಿಡಿದುಕೊಂಡಳು. ಸುಲಭದ್ದಲ್ಲ, ಹಳೆಯವು ಯಾವುವೂ ಸುಲಭದವಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಕ್ಷೆ ಬರೆದುಕೊಂಡು, ಶನಿವಾರ ಭಾನುವಾರ ಮಾತ್ರ ಎಂಬ ಅಮ್ಮನ ಕಾನೂನಿಗೆ ತಲೆಬಾಗಿ, ಎರಡು ತಿಂಗಳು ಆಡಿದಳು. ಒಂದು ಶನಿವಾರ ಟಿವಿ ಹಾಕಿದರೆ ಆಟ ಇಲ್ಲ. ತಿಂಗಳ ಕೊನೆಗೆ ಪಟ್ಟಿಯಿಂದ ಇಳಿದಿತ್ತು. "ಅಪ್ಪಾ, ನಾವು ದುಡ್ಡು ಕೊಟ್ಟಿದ್ವಲ್ಲ?" ಎಂದು ಕೇಳಿದಳು. ಕೊಟ್ಟಿದ್ದೆವು. ಹಾಗಾದರೆ ಅದನ್ನು ಬೇರೆಯಾಗಿ ಕೊಂಡುಬಿಡೋಣ ಎಂದು ಹುಡುಕಿದೆ. ಆ ಯಂತ್ರದ ಅಂಗಡಿಯಲ್ಲಿ ಅದು ಮಾರಾಟಕ್ಕಿರಲಿಲ್ಲ. ಪರ್ಸ್ ಕೈಯಲ್ಲಿ ಹಿಡಿದು ನಿಂತ ಗಿರಾಕಿ ಯಾವ ಗ್ರಾಫಿನಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ. ನಕ್ಷೆಯ ನೋಟ್‌ಬುಕ್ ಇನ್ನೂ ಇದೆ.

ಇನ್ನು ಪೈರಸಿ. 'ಎಮ್ಯುಲೇಟರ್ ಪುಕ್ಕಟೆ ಸಿಗುವಾಗ ಯಾರು ದುಡ್ಡು ಕೊಟ್ಟು ತಗೊಳ್ಳುತ್ತಾರೆ' ಎಂಬ ಮಾತು. ಈ ವಿಷಯದಲ್ಲಿ ನನ್ನ ಕೈಯೂ ಶುದ್ಧವಲ್ಲ, ನಿಮ್ಮದೂ ಅಲ್ಲ. ನಾನು ಕಾಂಟ್ರಾ ಮೊದಲು ಆಡಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಸಾಗರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕೋಣೆಯ ಅಂಗಡಿಯಲ್ಲಿ, ಗಂಟೆಗೆ 5 ರೂಪಾಯಿ ಕೊಟ್ಟು. ಅಲ್ಲಿದ್ದದ್ದು ಎನ್‌ಇಎಸ್‌ನ ನಕಲಿ ಯಂತ್ರ. ಕಾರ್ಟ್ರಿಜ್ ಎಂಬ ಪದವೇ ನಮಗೆ ಗೊತ್ತಿರಲಿಲ್ಲ, ಕ್ಯಾಸೆಟ್ ಅನ್ನುತ್ತಿದ್ದೆವು. ಅದರ ಮೇಲೆ '9999999 ಇನ್ 1' ಎಂದು ಬರೆದಿರುತ್ತಿತ್ತು. ಒಳಗೆ ಎಣಿಸಿದರೆ ಹತ್ತಿಪ್ಪತ್ತು ಆಟ, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ. ಮೂರನೆಯ ಹಂತದ ಜಲಪಾತದಲ್ಲಿ ನನ್ನ ದೊಡ್ಡಪ್ಪನ ಮಗ ಬೇಕೆಂದೇ ಮುಂದೆ ಹಾರಿಹೋಗುತ್ತಿದ್ದ. ತೆರೆ ಮೇಲೆ ಸರಿದಂತೆ ಕೆಳಗಿದ್ದ ನಾನು ಸಾಯುತ್ತಿದ್ದೆ. ನನ್ನ ಐದು ರೂಪಾಯಿಯಲ್ಲಿ ಒಂದು ಪೈಸೆಯೂ ಕೊನಾಮಿಗೆ ಹೋಗಲಿಲ್ಲ. ನಮ್ಮ ಊರಿನಲ್ಲಿ ಅಸಲಿ ಕ್ಯಾಸೆಟ್ ಮಾರುವ ಅಂಗಡಿಯೇ ಇರಲಿಲ್ಲ ಎಂಬುದು ಸಬೂಬು ಇರಬಹುದು, ಸುಳ್ಳಂತೂ ಅಲ್ಲ.

2019ರಲ್ಲಿ ಕೊನಾಮಿ 'ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್' ಬಿಟ್ಟಿತು. ಹತ್ತು ಆಟ, 20 ಡಾಲರ್. ಮಾರಾಟಕ್ಕಿತ್ತು, ಕೊಂಡೆ. ಅದೇ ಆಟದ ಪುಕ್ಕಟೆ ಫೈಲ್ ಎರಡು ನಿಮಿಷದಲ್ಲಿ ಇಳಿಸಿಕೊಳ್ಳಬಹುದು ಎಂದು ಎಂಟೆಕ್ ಓದಿದ ನನಗೆ ಗೊತ್ತಿಲ್ಲವೇ? ಸಾಗರದ ಬಾಕಿ ತೀರಿಸಿದೆ ಅಂದುಕೊಳ್ಳಿ. ನನ್ನಂಥವರು ಪುಣೆ, ಹೈದರಾಬಾದ್, ಚೆನ್ನೈನ ಐಟಿ ಪಾರ್ಕುಗಳ ತುಂಬ ಇದ್ದಾರೆ: ಚಿಕ್ಕಂದಿನಲ್ಲಿ ಕದ್ದು ಆಡಿದವರು, ಈಗ ಸಂಬಳ ಬರುವವರು, ಕೊಡಲು ಸಿದ್ಧ ಇರುವವರು.

ಪೈರಸಿ ಇರುವಲ್ಲಿ ವ್ಯಾಪಾರ ಆಗದು ಎನ್ನುವವರು ಪೋಲೆಂಡನ್ನು ನೋಡಬೇಕು. ಎಲ್ಲರೂ ನಕಲಿಯನ್ನೇ ಆಡುತ್ತಿದ್ದ ದೇಶ ಅದು. ಸಿಡಿ ಪ್ರಾಜೆಕ್ಟ್ ಎಂಬ ಸಣ್ಣ ಕಂಪನಿ 1999ರಲ್ಲಿ 'ಬಾಲ್ಡರ್ಸ್ ಗೇಟ್' ಆಟಕ್ಕೆ ಪೋಲಿಷ್ ನಟರಿಂದ ದನಿ ಕೊಡಿಸಿ, ಪೆಟ್ಟಿಗೆಯಲ್ಲಿ ನಕ್ಷೆ, ಪುಸ್ತಕ ಇಟ್ಟು ಮಾರಿತು. ಜನ ನಕಲಿ ಬಿಟ್ಟು ಅಸಲಿ ಕೊಂಡರು, ಯಾಕೆಂದರೆ ನಕಲಿಗಿಂತ ಅಸಲಿ ಚೆನ್ನಾಗಿತ್ತು. ಅದೇ ಕಂಪನಿ 2008ರಲ್ಲಿ ಹಳೆಯ ಪಿಸಿ ಆಟಗಳಿಗೆಂದೇ ಗಾಗ್ ಎಂಬ ಅಂಗಡಿ ತೆರೆಯಿತು. ಅಲ್ಲಿ ಕೊಂಡ ಫೈಲಿಗೆ ಬೀಗವೇ ಇಲ್ಲ, ಪೆನ್‌ಡ್ರೈವಿಗೆ ಹಾಕಿ ಯಾರಿಗೆ ಬೇಕಾದರೂ ಕೊಡಬಹುದು. ಆದರೂ ಅಂಗಡಿ ಇಂದಿಗೂ ನಡೆಯುತ್ತಿದೆ. ಅದು ಪಿಸಿ ಲೋಕ, ಯಾರು ಬೇಕಾದರೂ ಅಂಗಡಿ ಹಾಕಬಹುದು. ಕನ್ಸೋಲಿನಲ್ಲಿ ಯಂತ್ರ ಮಾಡಿದವನದೇ ಅಂಗಡಿ, ಅವನದೇ ಬೀಗ. ಎದುರು ಅಂಗಡಿಗೆ ಹೋಗುತ್ತೇನೆ ಎಂದರೆ ಎದುರು ಅಂಗಡಿಯೇ ಇಲ್ಲ.

ಕಂಪನಿಗಳ ಕಷ್ಟವನ್ನೂ ಒಪ್ಪುತ್ತೇನೆ. ಎಮ್ಯುಲೇಟರ್ ಒಮ್ಮೆ ಬರೆದರೆ ಮುಗಿಯಿತು, ಹಕ್ಕುಗಳ ಕಗ್ಗಂಟು ಹಾಗಲ್ಲ. 'ಕ್ರೇಜಿ ಟ್ಯಾಕ್ಸಿ' ಮತ್ತೆ ಬಂದಾಗ ಅದರ ಜೀವಾಳವಾಗಿದ್ದ ಹಾಡುಗಳೇ ಇರಲಿಲ್ಲ. 1997ರ 'ಗೋಲ್ಡನ್‌ಐ' ಈಗಿನ ಕನ್ಸೋಲಿಗೆ ಬರಲು 2023ರ ಜನವರಿ ಆಯಿತು: ನಿಂಟೆಂಡೊ, ಮೈಕ್ರೋಸಾಫ್ಟ್, ಜೇಮ್ಸ್ ಬಾಂಡ್ ಹಕ್ಕುದಾರರು, ಎಲ್ಲರೂ ಒಪ್ಪಬೇಕಿತ್ತು. ಹಳಹಳಿಕೆಗೂ ಒಂದು ಮಿತಿ ಇದೆ, ನಮ್ಮ ತಲೆಮಾರು ಅದೇ ಮೂವತ್ತು ಆಟಗಳನ್ನು ಎಷ್ಟು ಸಲ ಕೊಳ್ಳಲು ಸಾಧ್ಯ? ಆ ಮೂವತ್ತರ ಸೇಲ್ಸ್ ನಿಜಕ್ಕೂ ಇಳಿದಿರಬಹುದು. ನನ್ನ ತಕರಾರು ಉಳಿದ ಸಾವಿರಾರು ಆಟಗಳ ಬಗ್ಗೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು: ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇವತ್ತು ಎಲ್ಲಿಯೂ ಮಾರಾಟಕ್ಕಿಲ್ಲ. ಸರಿ, ನೀವು ಮಾರುವುದಿಲ್ಲ, ಸಂಶೋಧಕರಿಗಾದರೂ ಗ್ರಂಥಾಲಯಗಳು ಮನೆಯಿಂದಲೇ ನೋಡಲು ಕೊಡಲಿ ಎಂದು ಕೇಳಿದರೆ, ಉದ್ಯಮದ ಸಂಘ ಅದನ್ನೂ ವಿರೋಧಿಸಿತು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆ ಬೇಡಿಕೆಯನ್ನು ತಳ್ಳಿಹಾಕಿತು. ಕೊಟ್ಟಿದ್ದರೆ ಹಳೆಯ ಆಟಗಳ ಮಾರುಕಟ್ಟೆಗೆ ಪೆಟ್ಟು ಬೀಳುತ್ತಿತ್ತಂತೆ. ಕ್ಯಾಂಟೀನಿನಲ್ಲಿ ಮಾರುಕಟ್ಟೆಯೇ ಇಲ್ಲ, ಕಚೇರಿಯಲ್ಲಿ ಮಾರುಕಟ್ಟೆಗೆ ಪೆಟ್ಟು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಸ್ವಾಮಿ.

ಕನ್ನಡಿಗರಿಗೆ ಈ ನಷ್ಟ ಹೊಸದಲ್ಲ. 1934ರ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ. ಆಗ ನೈಟ್ರೇಟ್ ರೀಲು, ಬೇಗ ಹಾಳಾಗುತ್ತದೆ, ಬೆಂಕಿ ಹಿಡಿಯುತ್ತದೆ. ಈಗ ಒಂದು ಎನ್‌ಇಎಸ್ ಆಟ ನಿಮ್ಮ ಫೋನಿನ ಒಂದು ಫೋಟೊಗಿಂತ ಚಿಕ್ಕದು. ಸರ್ವರಿನಲ್ಲಿ ಅದನ್ನು ಇಟ್ಟುಕೊಳ್ಳುವ ಖರ್ಚನ್ನು ಯಾವ ಬಜೆಟ್ಟಿನಲ್ಲೂ ಕಣ್ಣಿಗೆ ಕಾಣುವಂತೆ ಬರೆಯಲಾಗದು. ಬಜೆಟ್ ಮಾಡುವವನಾಗಿ ಹೇಳುತ್ತಿದ್ದೇನೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಚಂದಾ ಇರಲಿ, ಪಕ್ಕದಲ್ಲಿ ಬಿಡಿ ಮಾರಾಟವೂ ಇರಲಿ. ಕೊಂಡದ್ದು ಯಂತ್ರಕ್ಕಲ್ಲ, ಖಾತೆಗೆ ಸೇರಲಿ, ಹೊಸ ಯಂತ್ರಕ್ಕೆ ಬರಲಿ. ಆಗದ ಮಾತೇನಲ್ಲ, ಜಪಾನಿನ ಹ್ಯಾಮ್‌ಸ್ಟರ್ ಕಂಪನಿ 2014ರಿಂದ ಹಳೆಯ ಆರ್ಕೇಡ್ ಆಟಗಳನ್ನು ಒಂದೊಂದಾಗಿ ಈಗಿನ ಕನ್ಸೋಲುಗಳಿಗೆ ತಂದು ಮಾರುತ್ತಲೇ ಇದೆ, ಯಾರೂ ಹೆಸರು ಕೇಳಿರದ ಆಟಗಳನ್ನೂ. ಡಿಜಿಟಲ್ ಎಕ್ಲಿಪ್ಸ್ 2022ರ 'ಅಟಾರಿ 50'ಯಲ್ಲಿ ನೂರಕ್ಕೂ ಹೆಚ್ಚು ಆಟಗಳ ಜೊತೆ ಅವನ್ನು ಮಾಡಿದವರ ಸಂದರ್ಶನ, ಹಳೆಯ ಕಾಗದಪತ್ರಗಳನ್ನು ಸೇರಿಸಿ, ಮ್ಯೂಸಿಯಮ್ಮಿನಲ್ಲಿ ಓಡಾಡಿದ ಹಾಗೆ ಮಾಡಿತು. ಇದನ್ನೆಲ್ಲ ಮಾಡಿ, ಐದು ವರ್ಷ ಕಪಾಟಿನಲ್ಲಿಟ್ಟು, ಆಮೇಲೂ ಯಾರೂ ಕೊಳ್ಳದಿದ್ದರೆ ಆ ಗ್ರಾಫ್ ತನ್ನಿ. ನೋಡುತ್ತೇನೆ.

ಕಳೆದ ಭಾನುವಾರ ಬೆಳಗಾವಿಯ ಹುಡುಗ ಊಟಕ್ಕೆ ಮನೆಗೆ ಬಂದಿದ್ದ. ಮಗಳು ಅವನನ್ನು ಕಾಂಟ್ರಾಕ್ಕೆ ಕೂರಿಸಿಕೊಂಡು ಜಲಪಾತದ ಕೆಳಗೆ ಬಿಟ್ಟು ಮೂರು ಸಲ ಸಾಯಿಸಿದಳು. ಅವನು ಮತ್ತೆ ಆಡಿದ. ಹೊರಡುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ಕೇಳಿದ.

"ಸರ್, ಮಾರಿಯೊ ಒಂದ್ ಹಸರ ಡೈನೋಸಾರ್ ಮ್ಯಾಲೆ ಕುಂತು ಓಡ್ತಾನಲ್ಲ, ಆ ಗೇಮ್ ಎಲ್ಲಿ ಸಿಗತೈತ್ರೀ? ನಮ್ಮ ಕಾಕಾನ ಮನ್ಯಾಗ ಇತ್ತು."

"ಅದನ್ನ ಬಿಡಿಯಾಗಿ ಮಾರಲ್ಲ ಮಾರಾಯ. ಚಂದಾ ಕಟ್ಟಬೇಕು."

"ಚಂದಾ ಯಾಕ್ರೀ ಸರ್, ನನಗ ಅದೊಂದೇ ಗೇಮ್ ಬೇಕು" ಅಂದ.